ಹ್ಯಾಂಬರ್ಗಿನ ಅಟ್ಟದಲ್ಲಿ ನಮ್ಮ ಭಾವ

ಗೋಣಿಚೀಲದ ವಾಸನೆ ಮೂಗಿಗೆ ಬಡಿದರೆ ನನಗೆ ಜರ್ಮನಿ ನೆನಪಾಗುತ್ತದೆ. ನಗಬೇಡಿ, ನನ್ನ ಹೆಂಡತಿ ಈಗಾಗಲೇ ಬೇಕಾದಷ್ಟು ನಕ್ಕಾಗಿದೆ. ಮೊನ್ನೆ ಬೆಳಿಗ್ಗೆ ಅವಳ ತವರೂರು ಹಾಲ್ಕುರಿಕೆಯಿಂದ ಅವಳ ಅಣ್ಣ ಒಂದು ಚೀಲ ತೆಂಗಿನಕಾಯಿ ಕಳಿಸಿದ್ದರು. ಆಟೋದವನು ಅದನ್ನು ನಡುಮನೆಯಲ್ಲಿ ಇಳಿಸಿ ಬೆವರು ಒರೆಸಿಕೊಂಡ. ನಾನು ಬಾಯಿಗೆ ಹೊಲಿದಿದ್ದ ಹುರಿಯನ್ನು ಬಿಚ್ಚಿದೆ, ಬಗ್ಗಿದೆ, ಹಾಗೇ ಕೂತುಬಿಟ್ಟೆ.

"ಏನ್ರೀ ಅದು, ಚೀಲದೊಳಗೆ ಮುಖ ಇಟ್ಕೊಂಡು ಏನು ಹುಡುಕ್ತಿದೀರಾ?" ಎಂದಳು ಹೆಂಡತಿ.

"ಹ್ಯಾಂಬರ್ಗು."

"ಸಿಕ್ಕಿದ್ರೆ ಆಚೆ ತೆಗೀರಿ. ಅದರ ಕೆಳಗೆ ಕಾಯಿ ಇರ್ತವೆ, ಚಟ್ನಿಗೆ ಎರಡು ಕೊಡಿ."

ಆಟೋದವನು ಹೊರಡುವ ಮುಂಚೆ ಬಾಗಿಲಲ್ಲಿ ನಿಂತು ಇನ್ನೊಂದು ಮಾತು ಹೇಳಿದ: "ಭಾನುವಾರ ಮೇಷ್ಟ್ರು ಬರಬೇಕಂತೆ. ಅಟ್ಟದ ಕೆಲಸ ಐತಂತೆ." ಮೇಷ್ಟ್ರು ಎಂದರೆ ನಾನೇ, ಅಟ್ಟ ಎಂದರೆ ಭಾವನ ಮನೆಯದು. ಆ ಅಟ್ಟವನ್ನು ಕೆಡವಿಸಲು ಟೊಂಕ ಕಟ್ಟಿ ನಿಂತವರಲ್ಲಿ ನಾನೇ ಮೊದಲಿಗ. ಅದು ನಾಲ್ಕು ವರ್ಷದ ಹಿಂದಿನ ಮಾತು. ಇವತ್ತು ಬಿಡುವಾಗಿದ್ದೀರಿ ತಾನೇ, ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಭಾವನ ಹೆಸರು ಗಂಗಾಧರಯ್ಯ. ಎಪ್ಪತ್ತರ ಹತ್ತಿರದ ಮನುಷ್ಯ, ಮಾತು ಕಡಿಮೆ, ತೋಟ ಮತ್ತು ಅಟ್ಟ ಎರಡೇ ಅವರ ಲೋಕ. ನಮ್ಮ ಸೀಮೆಯವರಲ್ಲದವರಿಗೆ ಈ ಅಟ್ಟದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಕೊಬ್ಬರಿಯನ್ನು ಬಿಸಿಲಿಗೆ ಹರವಿ ಆತುರವಾಗಿ ಮಾಡುವುದಿಲ್ಲ. ಬಲಿತ ಕಾಯಿಯನ್ನು ಹಾಗೇ ಇಡಿಯಾಗಿ ಅಟ್ಟಕ್ಕೆ ಏರಿಸುತ್ತೇವೆ. ಅಟ್ಟದ ನೆಲ ಅಡಿಕೆ ಮರ ಸೀಳಿದ ದಬ್ಬೆಯದು, ದಬ್ಬೆಗೂ ದಬ್ಬೆಗೂ ನಡುವೆ ಗಾಳಿ ಆಡಲು ಸಂದು. ಅಲ್ಲಿ ಕಾಯಿ ಹೆಚ್ಚುಕಡಿಮೆ ಒಂದು ವರ್ಷ ಮಲಗುತ್ತದೆ. ಒಳಗಿನ ನೀರು ತಾನಾಗಿ ಬತ್ತಿ, ತಿರುಳು ಒಣಗಿ, ಚಿಪ್ಪನ್ನು ತಾನಾಗಿ ಬಿಟ್ಟು ಉಂಡೆಯಾಗುತ್ತದೆ. ಅದನ್ನು ಒಡೆದರೆ ಇಡೀ ಕೊಬ್ಬರಿ ಗಿಟುಕು ಕೈಗೆ ಬರುತ್ತದೆ. ಈ ವರ್ಷವಿಡೀ ಕಾಯಿಯನ್ನು ಮುಟ್ಟಬಾರದು, ಜರುಗಿಸಬಾರದು, ಅವಸರ ಮಾಡಬಾರದು. ಬಲಿತಿದೆಯೋ ಇಲ್ಲವೋ ಎಂದು ತಿಳಿಯಲು ಆಗೊಮ್ಮೆ ಈಗೊಮ್ಮೆ ಒಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುತ್ತಾರೆ, ಅಷ್ಟೇ. ಭಾವನ ಮನೆಯಲ್ಲಿ ಇನ್ನೂ ಒಂದು ಕಟ್ಟಳೆ ಇತ್ತು. ಯಾರೇ ಆಗಲಿ, ಮೆಟ್ಟು ಕೆಳಗೆ ಬಿಟ್ಟು ಕಾಲು ತೊಳೆದೇ ಏಣಿ ಹತ್ತಬೇಕು. ಕೊಬ್ಬರಿ ಕೊಳ್ಳಲು ಬಂದ ಮಂಡಿ ಸಾಹುಕಾರರನ್ನೂ ಅವರು ಬಚ್ಚಲಿಗೆ ಕಳಿಸಿದ್ದನ್ನು ನಾನು ಕಂಡಿದ್ದೇನೆ.

ಆ ಮನೆಯ ಅಳಿಯನಾಗಿ ಮೂವತ್ತೈದು ವರ್ಷವಾದರೂ ನಾನು ಒಂದು ದಿನವೂ ಆ ಅಟ್ಟ ಹತ್ತಿದವನಲ್ಲ. ಧೂಳು, ಇಲಿ, ಜೇಡರ ಬಲೆ. ನಾನು ಹೈಸ್ಕೂಲಿನಲ್ಲಿ ಸಮಾಜ ಪಾಠ ಹೇಳುವ ಮೇಷ್ಟ್ರು, ಇಸ್ತ್ರಿ ಮಾಡಿದ ಷರ್ಟಿನ ಮನುಷ್ಯ. ಭಾವನ ಮಗ ಮಹೇಶ, "ಮಾವ, ತೊಲೆಗೆಲ್ಲ ಹುಳ ಹಿಡಿದಿದೆ, ಕೆಡವಿ ಆರ್‌ಸಿಸಿ ಹಾಕಿಸೋಣ, ಕಾಯಿ ಹಸಿದನ್ನೇ ಮಾರಿದ್ರಾಯ್ತು, ನೀವೇ ಅಪ್ಪನಿಗೆ ಹೇಳಿ" ಎಂದಾಗ ನನಗೆ ಅದು ಬಹಳ ಸರಿಯೆನ್ನಿಸಿತು. ಹೇಳಿದೆ. ಹೇಳಿದ್ದಲ್ಲದೆ, ಒಂದು ಮದುವೆ ಕಾಗದದ ಹಿಂದುಗಡೆ ಹೊಸ ಮನೆಯ ಪ್ಲಾನನ್ನೂ ಬರೆದೆ. ಕೊಟ್ಟಿಗೆ ಇದ್ದ ಕಡೆ ಕಾರು ನಿಲ್ಲಿಸುವ ಜಾಗ, ಅಟ್ಟ ಇದ್ದ ಕಡೆ ಗಾಜಿನ ಕಿಟಕಿಯ ಎರಡು ಕೋಣೆ. ಭಾವ ಆ ಕಾಗದವನ್ನು ದೂರ ಹಿಡಿದು ನೋಡಿದರು. "ಎಲ್ರೂ ಅಂಗೇ ಅಂದ್ರೆ ನಾನೇನನ್ಲಿ? ಮಾಡಿ" ಎಂದರು. ಆ ಸಲದ ಕೊಬ್ಬರಿ ಇಳಿಸಿದ ಮೇಲೆ ಹೊಸ ಕಾಯಿ ಏರಿಸಲಿಲ್ಲ. ಅವರ ಬುದ್ಧಿ ಬಲಿತ ಮೇಲೆ ಆ ಅಟ್ಟ ಖಾಲಿ ಬಿದ್ದದ್ದು ಅದೇ ಮೊದಲು.

ಅಷ್ಟರಲ್ಲಿ ಜರ್ಮನಿಯ ಕರೆ ಬಂತು. ತೆಂಗಿನ ಸಿಪ್ಪೆ ಬಡಿದಾಗ ಉದುರುವ ನಾರಿನ ಪುಡಿಯನ್ನು ಒತ್ತಿ ಇಟ್ಟಿಗೆ ಮಾಡಿ ಅಲ್ಲಿನ ಹೂ ಬೆಳೆಯುವವರಿಗೆ ಕಳಿಸುವ ಬೆಳೆಗಾರರ ಸಂಘವೊಂದು ನಮ್ಮ ಕಡೆ ಇದೆ. ಭಾವ ಅದರ ಅಧ್ಯಕ್ಷರು. ಕೊಳ್ಳುವವರು, ನಿಮ್ಮವರು ಇಬ್ಬರು ಬಂದು ನಮ್ಮ ತೋಟ ನೋಡಿಕೊಂಡು ಹೋಗಲಿ ಎಂದು ಟಿಕೆಟ್ಟು ಕಳಿಸಿದರು. ಭಾವನಿಗೆ ಇಂಗ್ಲಿಷ್ ಬಾರದು, ಜೊತೆಗೆ ನಾನು. ಹೋಗಿ ಬಂದ ಮಾರನೆಯ ಸೋಮವಾರ ಅಟ್ಟ ಕೆಡವಲು ಕಂಟ್ರಾಕ್ಟರು ಬರುವುದೆಂದು ನಿಗದಿಯಾಗಿತ್ತು. ವಿಮಾನದಲ್ಲಿ ಭಾವ ಒಂದೇ ಒಂದು ಸಲ ಆ ಮಾತು ಎತ್ತಿದರು: "ಆ ತೊಲೆಗಳ್ನ ಏನ್ ಮಾಡ್ತಾರೆ ಮೇಷ್ಟ್ರೇ, ಸೌದೆಗೆ ಆಕ್ತಾರಾ?" ನಾನು ಪರದೆಯ ಮೇಲೆ ವಿಮಾನ ಎಲ್ಲಿ ಹಾರುತ್ತಿದೆಯೆಂದು ನೋಡುವುದರಲ್ಲಿ ಮುಳುಗಿದ್ದೆ. ಹಾಕ್ತಾರೆ ಬಿಡಿ ಅಂದೆ.

ಹ್ಯಾಂಬರ್ಗ್ ಜರ್ಮನಿಯ ಪ್ರಮುಖ ಬಂದರು, ಅದು ಎಲ್ಬೆ ನದಿಯ ದಡದಲ್ಲಿದೆ. ಈ ಒಂದು ವಾಕ್ಯವನ್ನು ನಾನು ಮೂವತ್ತು ವರ್ಷ ಪಾಠ ಮಾಡಿದ್ದೇನೆ. ಭೂಪಟದಲ್ಲಿ ಅದನ್ನು ತೋರಿಸಲಾರದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ. ಬಂದರು ಎಂದ ಮೇಲೆ ಸಮುದ್ರದ ಪಕ್ಕದಲ್ಲೇ ಇರಬೇಕೆಂದು ನನ್ನ ಎಣಿಕೆ. ಅಲ್ಲಿ ಹೋಗಿ ನೋಡಿದರೆ ಸಮುದ್ರ ಅಲ್ಲಿಂದ ನೂರು ಕಿಲೋಮೀಟರು ಆಚೆಗಿದೆ! ನಾನು ಬೆಂಚಿನ ಮೇಲೆ ನಿಲ್ಲಿಸಿದ ಮಕ್ಕಳೆಲ್ಲ ನೆನಪಾಗಿ ನಾಚಿಕೆಯಾಯಿತು.

ತೋಟ ನೋಡಿದ ಮಾರನೆಯ ದಿನ ಬಿಡುವು. ನಮ್ಮನ್ನು ಕರೆಸಿಕೊಂಡವರು ಹಳೆಯ ಊರನ್ನು ನಡೆದಾಡಿ ತೋರಿಸುವ ತಂಡವೊಂದಕ್ಕೆ ನಮ್ಮನ್ನು ಸೇರಿಸಿದರು. ಏಪ್ರಿಲ್ ತಿಂಗಳು. ನಮ್ಮಲ್ಲಿ ನೆತ್ತಿ ಸುಡುವ ಕಾಲ, ಅಲ್ಲಿ ಮಾತಾಡಿದರೆ ಬಾಯಲ್ಲಿ ಹೊಗೆ. ಒಟ್ಟು ಹನ್ನೆರಡು ಜನ. ತೋರಿಸುವಾಕೆಯ ಹೆಸರು ಹೆಲ್ಗಾ, ಭಾವನ ವಯಸ್ಸಿನವರೇ, ಬೆಳ್ಳಗಿನ ಕೂದಲು, ಗುರುತಿಗೆ ಕೈಯಲ್ಲೊಂದು ಕೆಂಪು ಕೊಡೆ. ತಂಡದಲ್ಲಿ ಇಂಗ್ಲೆಂಡಿನ ಗಂಡಹೆಂಡಿರು ಇಬ್ಬರಿದ್ದರು. ಹೊರಟ ಐದು ನಿಮಿಷದಲ್ಲೇ ಆ ಮನುಷ್ಯ, ನಿಮ್ಮ ಇಂಗ್ಲಿಷ್ ಬಹಳ ಚೆನ್ನಾಗಿದೆ ಎಂದುಬಿಟ್ಟ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಅವತ್ತು ನನ್ನನ್ನು ಹಾಳುಮಾಡಿದ್ದು ಆ ಒಂದು ಹೊಗಳಿಕೆ.

ಆದರೆ ಊರು! ಅದನ್ನು ಹೇಗೆ ಹೇಳಲಿ? ಹತ್ತು ಗಂಟೆಗೆ ಸರಿಯಾಗಿ ಒಂದು ದೊಡ್ಡ ಚರ್ಚಿನ ಗೋಪುರದ ಮೇಲಿಂದ ತುತ್ತೂರಿ ಕೇಳಿಸಿತು. ಒಬ್ಬನೇ ಮನುಷ್ಯ, ಅಷ್ಟು ಎತ್ತರದಲ್ಲಿ, ಒಂದು ದಿಕ್ಕಿಗೆ ಊದಿ, ಮುಂದಿನ ಕಿಟಕಿಗೆ ಹೋಗಿ ಮತ್ತೊಂದು ದಿಕ್ಕಿಗೆ ಊದಿ, ಹೀಗೆ ನಾಲ್ಕೂ ಕಡೆಗೆ. ನೂರಾರು ವರ್ಷದಿಂದ ನಡೆದುಬಂದಿದೆಯಂತೆ. ಕೆಳಗೆ ಬಸ್ಸು, ಕಾರು, ಸೈಕಲ್ಲು ಓಡಾಡುತ್ತಲೇ ಇದ್ದವು, ಯಾರೂ ತಲೆ ಎತ್ತಿ ನೋಡಲಿಲ್ಲ. ನಾವಿಬ್ಬರು ಮಾತ್ರ ಕತ್ತು ನೋಯುವವರೆಗೆ ನೋಡಿದೆವು. ಇನ್ನೊಂದು ಕಡೆ ಯುದ್ಧದಲ್ಲಿ ಸುಟ್ಟ ಚರ್ಚು. ಗೋಪುರವೊಂದು ಕಪ್ಪಗೆ ನಿಂತಿದೆ, ಜನ ಕೂರುತ್ತಿದ್ದ ಜಾಗಕ್ಕೆ ಸೂರಿಲ್ಲ, ಆಕಾಶ ಕಾಣುತ್ತದೆ. ಅದನ್ನು ಹಾಗೇ ಬಿಟ್ಟಿದ್ದಾರೆ. ಭಾವ ತಲೆಯ ಮೇಲಿದ್ದ ಉಣ್ಣೆ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತರು.

ಅಲ್ಲಿಂದ ಒಂದು ಸೇತುವೆ ದಾಟಿದರೆ ಹಳೆಯ ಗೋದಾಮುಗಳ ಬೀದಿ. ಬೀದಿಯೆಂದರೆ ತಪ್ಪಾಯಿತು, ಅದೇ ಒಂದು ಊರು. ಕೆಂಪು ಇಟ್ಟಿಗೆಯ ಏಳೇಳು ಅಂತಸ್ತಿನ ಕಟ್ಟಡಗಳು, ಕಣ್ಣು ಹಾಯುವವರೆಗೂ ಎರಡೂ ಕಡೆ, ನಡುವೆ ನೀರಿನ ಕಾಲುವೆ. ಮೇಲೆ ಹಸಿರುಗಟ್ಟಿದ ತಾಮ್ರದ ಮಾಡು. ಒಂದೊಂದು ಕಟ್ಟಡದ ನೆತ್ತಿಯಲ್ಲೂ ಮೂಟೆ ಎತ್ತುವ ರಾಟೆ. ದೋಣಿಯಲ್ಲಿ ಬಂದ ಕಾಫಿ, ಮೆಣಸು, ಚಹಾ, ತಂಬಾಕು ಎಲ್ಲವನ್ನೂ ನೀರಿನ ಕಡೆಯಿಂದಲೇ ಎಳೆದು ಮೇಲಕ್ಕೆ ಏರಿಸುತ್ತಿದ್ದರಂತೆ. ಹೆಲ್ಗಾ ಕಾಲುವೆಯ ಗೋಡೆ ತೋರಿಸಿದರು. ನೀರಿನಿಂದ ಎರಡಾಳು ಎತ್ತರದಲ್ಲಿ ಒದ್ದೆಯ ಗೆರೆ ಇತ್ತು. ಬೆಳಿಗ್ಗೆ ನೀರು ಅಲ್ಲಿತ್ತು, ಈಗ ಇಳಿದಿದೆ, ಸಂಜೆಗೆ ಮತ್ತೆ ಅಲ್ಲಿಗೇ ಬರುತ್ತದೆ ಎಂದರು. ಸಮುದ್ರದ ಉಬ್ಬರ ನೂರು ಕಿಲೋಮೀಟರು ನದಿಯಲ್ಲಿ ನಡೆದು ಬಂದು ದಿನಕ್ಕೆರಡು ಸಲ ಈ ಊರನ್ನು ಎತ್ತಿ ಇಳಿಸುತ್ತದೆ. ಕೆರೆ ಕೋಡಿ ಬಿದ್ದರೆ ಬಸ್ಸು ಮಾಡಿಕೊಂಡು ನೋಡಲು ಹೋಗುವ ಸೀಮೆಯವರು ನಾವು. ಭಾವ ಕಂಬಿ ಹಿಡಿದು ನೀರನ್ನೇ ನೋಡುತ್ತ, "ದಿನಾ ಎಲ್ಡು ಸಲವಾ? ಸರಿಯಾಗಿ ಕೇಳಿದ್ರಾ ಮೇಷ್ಟ್ರೇ?" ಎಂದರು. ಕೇಳಿ ಖಾತ್ರಿ ಮಾಡಿಕೊಂಡೆ. ದಿನಾ ಎರಡು ಸಲವೇ.

ಇಷ್ಟು ಭಾರದ ಇಟ್ಟಿಗೆಯೆಲ್ಲ ಕೆಸರಿನಲ್ಲಿ ಹೂತ ಮರದ ಕಂಬಗಳ ಮೇಲೆ ನಿಂತಿದೆ, ಆ ಮರ ಯಾಕೆ ಕೊಳೆತಿಲ್ಲ ಹೇಳಿ ನೋಡೋಣ ಎಂದು ಹೆಲ್ಗಾ ಎಲ್ಲರನ್ನೂ ಕೇಳಿದರು. ನಾನು ಕನ್ನಡಕ್ಕೆ ತಿರುಗಿಸಿ ಮುಗಿಸುವಷ್ಟರಲ್ಲಿ ಭಾವ, "ಯಾವಾಗ್ಲೂ ನೀರಲ್ಲೇ ಐತಲ್ಲ, ಅದ್ಕೆ. ಒಂದಿನ ನೆಂದು ಒಂದಿನ ಒಣಗಿದ್ರೆ ಕೆಡ್ತದೆ" ಎಂದರು. ಹೆಲ್ಗಾ ಹುಬ್ಬೇರಿಸಿ ನಕ್ಕರು. ಆಮೇಲೆ, ಈ ಗೋದಾಮು ಕಟ್ಟಲು ಇಲ್ಲಿದ್ದ ಮನೆಗಳನ್ನೆಲ್ಲ ಒಡೆದು ಸಾವಿರಾರು ಜನರನ್ನು ಎಬ್ಬಿಸಿದರು ಎಂದರು. ಭಾವ ಕೂಡಲೇ, "ಅವ್ರೆಲ್ಲ ಎಲ್ಲಿಗೋದ್ರಂತೆ?" ಎಂದು ಕೇಳಿದರು. ಹೆಲ್ಗಾ ಅವರ ಕಡೆ ತಿರುಗಿದರು. ಊರ ಹೊರಗೆ ಎಲ್ಲೆಲ್ಲಿಗೋ ಹೋದರು, ಅದರಲ್ಲಿ ನನ್ನ ಮುತ್ತಜ್ಜಿಯೂ ಒಬ್ಬಳು, ಇದನ್ನು ಕೇಳುವವರು ಕಡಿಮೆ ಎಂದರು. ಅಲ್ಲಿಂದ ಮುಂದೆ ಅವರು ಏನು ಹೇಳಿದರೂ ಭಾವನ ಮುಖ ನೋಡಿಯೇ ಹೇಳುತ್ತಿದ್ದರು.

ಆ ಗೋದಾಮುಗಳಲ್ಲಿ ಒಂದನ್ನು ಹಿಂದಿನಂತೆಯೇ ಇಟ್ಟು ಜನರಿಗೆ ತೋರಿಸುತ್ತಾರೆ. ಒಳಗೆ ಹೋದ ಕೂಡಲೇ ವಾಸನೆ ಬಂತು. ಗೋಣಿಯದು, ಹಳೇ ಮರದ್ದು, ಕಾಫಿ ಬೀಜದ್ದು, ಎಲ್ಲ ಬೆರೆತದ್ದು. ಭಾವ ಹೊಸಲ ಮೇಲೇ ನಿಂತುಬಿಟ್ಟರು. ಮೂಗು ಅರಳಿಸಿ ಒಂದು ಸಲ ಉಸಿರೆಳೆದರು. ಮರದ ಮೆಟ್ಟಿಲ ಮೇಲುಗಡೆ ಕಾಣುತ್ತಿದ್ದ ತೊಲೆಗಳನ್ನು ನೋಡಿದರು.

"ಅಟ್ಟ ಕಣ್ರೀ ಮೇಷ್ಟ್ರೇ," ಎಂದರು ಪಿಸುಮಾತಿನಲ್ಲಿ. "ಊರಿಗೂರೇ ಅಟ್ಟ!"

ನಾನು ಇಂಗ್ಲೆಂಡಿನವರ ಜೊತೆ ಚಹಾದ ಇತಿಹಾಸ ಮಾತಾಡುತ್ತ ಮೇಲೆ ಹೋದೆ. ಮೇಲಿನ ಅಂತಸ್ತಿನಲ್ಲಿ ಮೂಟೆಗಳು, ತೂಕದ ತಕ್ಕಡಿ, ಚೀಲಕ್ಕೆ ಚುಚ್ಚಿ ಕಾಳು ತೆಗೆದು ನೋಡುವ ಕೊಳವೆ. ಭಾವ ಹಿಂದಿನಿಂದ ಬಂದು ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಎಲ್ಲ ನೋಡಿ ಇನ್ನೊಂದು ಮೆಟ್ಟಿಲಿನಿಂದ ಇಳಿದು ಕಟ್ಟಡದ ಆಚೆ ಬದಿಗೆ ಬಂದೆವು. ಆ ಮೆಟ್ಟಿಲು ಇಳಿಯುವಾಗಲೇ ನಾನು ನೋಡಿದ್ದು. ಭಾವನ ಕಾಲು ಬರಿಗಾಲು. ಬೂಟನ್ನೂ ಕಾಲುಚೀಲವನ್ನೂ ಒಳಗೆ ಬಂದ ಬಾಗಿಲ ಮೆಟ್ಟಿಲ ಬುಡದಲ್ಲಿ ಬಿಟ್ಟು ಹತ್ತಿದ್ದರು. ಅಟ್ಟ ಹತ್ತಿದವರು ಅದೇ ಏಣಿಯಲ್ಲಿ ಇಳಿಯುತ್ತಾರೆಂಬುದು ಅವರ ಲೆಕ್ಕ.

ನಾನು ಏನು ಮಾಡಬೇಕಿತ್ತು? ಅಲ್ಲೇ ನಿಲ್ಲಿಸಿ, ಹೆಲ್ಗಾಗೆ ಹೇಳಿ, ಓಡಿ ಹೋಗಿ ತರಬೇಕಿತ್ತು. ನಾನು ಮಾಡಿದ್ದೇನೆಂದರೆ, ಹೆಜ್ಜೆ ಬೀಸಾಗಿ ಹಾಕಿ ನಾಲ್ಕು ಮಾರು ಮುಂದೆ ಹೋದೆ. ಈ ಬರಿಗಾಲಿನ ಮನುಷ್ಯ ನನ್ನ ಜೊತೆಯವನಲ್ಲ ಎಂಬಂತೆ. ಇದನ್ನು ಹೇಳುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಮಂಜಿನಂಥ ನೀರು ನಿಂತಿದ್ದ ಕಲ್ಲುಹಾಸಿನ ಮೇಲೆ ಆ ವಯಸ್ಸಿನವರು ಬರಿಗಾಲಲ್ಲಿ ನಡೆಯುತ್ತಿದ್ದರು, ನಾನು ಇಂಗ್ಲೆಂಡಿನವನಿಗೆ ನಮ್ಮ ರಾಜ್ಯದ ಕಾಫಿಯ ವಿಷಯ ಹೇಳುತ್ತಿದ್ದೆ.

ಮುಂದಿನ ಸೇತುವೆಯ ಮೇಲೆ ಹೆಲ್ಗಾ ಕೊಡೆ ಎತ್ತಿ ಎಲ್ಲರನ್ನೂ ನಿಲ್ಲಿಸಿದರು. ಅವರ ಕಣ್ಣು ಭಾವನ ಕಾಲಿಗೆ ಬಿತ್ತು. "ಇವರ ಬೂಟು ಎಲ್ಲಿ?" ಎಂದು ನನ್ನನ್ನು ಕೇಳಿದರು. ಹನ್ನೊಂದು ಜೊತೆ ಕಣ್ಣುಗಳು ತಿರುಗಿದವು. ಭಾವನಿಗೆ ಪ್ರಶ್ನೆ ಗೊತ್ತಾಯಿತು. ನನ್ನ ಕಡೆ ತಿರುಗಿ, "ಬಾಗ್ಲತ್ರ ಬುಟ್ಟಿದೀನಿ ಅನ್ನಿ. ಅಟ್ಟಕ್ಕೆ ಮೆಟ್ಟು ಹಾಕ್ಕೊಂಡು ಹತ್ಬಾರ್ದಲ್ಲ, ಅದ್ಕೆ ಬುಟ್ಟೆ. ಇಳಿಯಾದು ಇತ್ತಗೆ ಅಂತ ಗೊತ್ತಿರ್ಲಿಲ್ಲ. ತೊಂದ್ರೆ ಕೊಟ್ಟೆ, ತಪ್ಪು ತಿಳ್ಕಬೇಡಿ ಅನ್ನಿ" ಎಂದರು.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಇವರಿಗೆ ಕಾಲು ನೋವು. ನಡೆಯೋಣ."

ಹೆಲ್ಗಾ ನಡೆಯಲಿಲ್ಲ. ಚಳಿಗೆ ನೀಲಿಗಟ್ಟುತ್ತಿದ್ದ ಆ ಬೆರಳುಗಳನ್ನೇ ನೋಡುತ್ತ ನಿಂತರು. ಭಾವ ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಅವರದು. ಆಮೇಲೆ ಮುಂದೆ ಬಂದು, ಹಿಂದಿನ ಕಟ್ಟಡದ ಕಡೆ ಕೈ ತೋರಿಸಿದರು. ಅಂಗೈಯನ್ನು ಮೇಲಕ್ಕೆತ್ತಿ ಅಲ್ಲಿ ಮೇಲೆ ಎಂದರು. ಎರಡೂ ಕೈ ಮುಗಿದರು. ಬಗ್ಗಿ ತಮ್ಮ ಪಾದ ಮುಟ್ಟಿ, ಬೂಟು ತೆಗೆದು ಪಕ್ಕಕ್ಕೆ ಇಡುವಂತೆ ಮಾಡಿ ತೋರಿಸಿದರು. ಹೆಲ್ಗಾ ನನ್ನ ಕಡೆ ತಿರುಗಿ ನಿಧಾನವಾಗಿ ಕೇಳಿದರು: "ಮರ್ಯಾದೆಗೆ ಬಿಟ್ಟರಾ? ಆ ಅಂತಸ್ತಿಗೆ?" ಹೌದೆಂದೆ. ಬೇರೆ ಏನು ಹೇಳಲಿ?

ಆಕೆ ಹೇಳಿದರು, ನಮ್ಮಪ್ಪ ಇಂಥದೇ ಗೋದಾಮಿನಲ್ಲಿ ಚಹಾ ಪರೀಕ್ಷೆ ಮಾಡುವ ಕೆಲಸದಲ್ಲಿದ್ದರು. ಚಹಾ ಹರವುವ ನೆಲಕ್ಕೆಂದೇ ಬೇರೆ ಬಟ್ಟೆಯ ಚಪ್ಪಲಿ ಇಟ್ಟುಕೊಂಡಿದ್ದರು, ಬೀದಿಯ ಮಣ್ಣನ್ನು ಅಲ್ಲಿಗೆ ಒಯ್ಯುತ್ತಿರಲಿಲ್ಲ, ನನಗೆ ಮರೆತೇಹೋಗಿತ್ತು ಎಂದರು. ಆಮೇಲೆ ಕೊಡೆಯನ್ನು ಹಿಂದಕ್ಕೆ ತೋರಿಸಿ, "ಎಲ್ಲರೂ ವಾಪಸು" ಎಂದರು. ಹನ್ನೆರಡು ಜನರ ತಂಡ ಹಾಲ್ಕುರಿಕೆಯವರೊಬ್ಬರ ಬೂಟಿಗಾಗಿ ಹಿಂದಕ್ಕೆ ಹೊರಟಿತು.

ಕಟ್ಟಡ ಸುತ್ತಿ ಮೊದಲ ಬಾಗಿಲಿಗೆ ಬಂದೆವು. ಒಳಗೆ ಕಂಡದ್ದನ್ನು ನೀವು ನಂಬಬೇಕು, ನಾನು ಒಂದಿಷ್ಟೂ ಸೇರಿಸುತ್ತಿಲ್ಲ. ಮೆಟ್ಟಿಲ ಬುಡದಲ್ಲಿ ಗೋಡೆಗೆ ಒತ್ತಿ ಭಾವನ ಕಂದು ಬೂಟು, ಅದರೊಳಗೆ ಮಡಿಚಿಟ್ಟ ಕಾಲುಚೀಲ. ಅದರ ಪಕ್ಕದಲ್ಲಿ ಇನ್ನೊಂದು ಜೊತೆ. ಅದರ ಪಕ್ಕದಲ್ಲಿ ಮತ್ತೊಂದು. ಹೆಂಗಸರದು, ಗಂಡಸರದು, ದಪ್ಪನವು, ತೆಳ್ಳನವು, ಇಪ್ಪತ್ತಕ್ಕೂ ಹೆಚ್ಚು ಜೊತೆ, ಗೆರೆ ಎಳೆದ ಹಾಗೆ ಸಾಲಾಗಿ. ನಮ್ಮ ಹಿಂದೆ ಬಂದ ಬೇರೆ ಊರಿನ ಹಿರಿಯರ ತಂಡವೊಂದು ಭಾವನ ಬೂಟು ನೋಡಿ, ಇಲ್ಲಿ ಬಿಟ್ಟು ಹತ್ತಬೇಕೆಂಬ ನಿಯಮವಿದೆಯೆಂದು ತಿಳಿದು, ಒಬ್ಬರಾದ ಮೇಲೆ ಒಬ್ಬರು ಬಿಚ್ಚಿಟ್ಟು ಹೋಗಿದ್ದರು. ನಿಯಮ ಅಂದರೆ ಆ ಜನ ಹಾಗೆ. ಟಿಕೆಟ್ಟಿನವನು ಏನೂ ತೋಚದೆ ನಿಂತಿದ್ದ. ಮಠದ ಬಾಗಿಲಲ್ಲಿ ಬಿಟ್ಟರೆ ಚೆಲ್ಲಾಪಿಲ್ಲಿ ಬಿಡುತ್ತೇವಲ್ಲ, ಹಾಗಲ್ಲ, ಎಷ್ಟು ನೀಟಾಗಿ! ಹೆಲ್ಗಾ ನಕ್ಕರು, ನಗುತ್ತ ನಗುತ್ತ ಕಣ್ಣು ಒರೆಸಿಕೊಂಡರು. ಆಮೇಲೆ ಗೋಡೆಗೆ ಕೈಕೊಟ್ಟು ತಮ್ಮ ಬೂಟನ್ನೂ ಬಿಚ್ಚಿದರು. ಇಂಗ್ಲೆಂಡಿನವರು ಬಿಚ್ಚಿದರು. ಕೊನೆಗೆ ನಾನು.

ಹೀಗೆ ನಾವು ಎರಡನೆಯ ಸಲ ಆ ಮೆಟ್ಟಿಲು ಹತ್ತಿದೆವು. ಅರ್ಧ ಗಂಟೆಯ ಹಿಂದೆ ನಾನು ಇಲ್ಲೇ ಓಡಾಡಿದ್ದೆ, ಏನೂ ಕಂಡಿರಲಿಲ್ಲ. ಈಗ ಕಾಲಿಗೆ ನೆಲ ಸಿಕ್ಕಿತು. ಅಗಲವಾದ ಹಲಗೆಗಳು ಸವೆದು ಸವೆದು ನುಣ್ಣಗಾಗಿದ್ದವು. ಮೂಟೆ ಎಳೆದ ದಾರಿ ಸಣ್ಣ ಕಾಲುವೆಯ ಹಾಗೆ ತಗ್ಗಾಗಿತ್ತು. ಭಾವ ಕಣ್ಣು ಅರೆ ಮುಚ್ಚಿ ನಿಧಾನವಾಗಿ ನಡೆದರು. ಒಂದು ಕಂಬದ ಹತ್ತಿರ ನಿಂತು, "ಇಲ್ಲಿ ಚೀಲ ತಿರುಗುಸ್ತಿದ್ರು" ಎಂದರು. ರಾಟೆಯ ಬಾಗಿಲ ಬಳಿ ಹೋಗಿ, ಎರಡು ಪಾದ ಹಿಡಿಯುವಷ್ಟು ತಗ್ಗಿದ ಜಾಗದಲ್ಲಿ ತಮ್ಮ ಎರಡೂ ಪಾದ ಇಟ್ಟು, "ಒಬ್ನೇ ಇಲ್ಲಿ ನಿಂತು ಚೀಲ ಈಸ್ಕೊಂತಿದ್ದ. ಎಡಗಡೆ ಜಾಸ್ತಿ ಸವೆದೈತೆ, ಎಡಗೈಯವನು" ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಹೆಲ್ಗಾ ಹೋಗಿ ಅದೇ ತಗ್ಗಿನಲ್ಲಿ ಕಾಲಿಟ್ಟು ನಿಂತು ನೋಡಿದರು. ಹೌದು, ಬಾಗಿಲಿನವನು ನಿಲ್ಲುತ್ತಿದ್ದ ಜಾಗ ಇದೇ, ಎಡಗೈಯವನೋ ಬಲಗೈಯವನೋ ನನಗೆ ಗೊತ್ತಿಲ್ಲ, ಎಷ್ಟೋ ವರ್ಷದಿಂದ ಜನರನ್ನು ಇಲ್ಲಿಗೆ ಕರೆತರುತ್ತಿದ್ದೇನೆ, ಈ ನೆಲವನ್ನು ಕಾಲಲ್ಲಿ ಮುಟ್ಟಿದ್ದು ಇವತ್ತು ಎಂದರು. ಊರು ತೋರಿಸಲು ಬಂದಾಕೆಗೆ ನಮ್ಮ ಭಾವ ಅವರ ಊರನ್ನು ತೋರಿಸುತ್ತಿದ್ದರು. ಇಂಥ ಮನುಷ್ಯನ ಮುಂದೆ ಮದುವೆ ಕಾಗದದಲ್ಲಿ ಪ್ಲಾನು ಹಿಡಿದು ಕೂತಿದ್ದೆನಲ್ಲ!

ಹೊರಡುವಾಗ ಭಾವ ನನ್ನ ತೋಳು ಹಿಡಿದು, "ಒಂದು ಮಾತು ಕೇಳಿ. ಇದನ್ನ ಯಾಕೆ ಕೆಡವಲಿಲ್ಲ ಅಂತ" ಎಂದರು. ಈ ಸಲ ನಾನು ಒಂದಕ್ಷರ ಬಿಡದೆ ಕೇಳಿದೆ. ಹೆಲ್ಗಾ ಹೇಳಿದ್ದನ್ನು ಒಂದಕ್ಷರ ಸೇರಿಸದೆ ಭಾವನಿಗೆ ಹೇಳಿದೆ. ಯುದ್ಧದಲ್ಲಿ ಇದರಲ್ಲಿ ಅರ್ಧ ಸುಟ್ಟು ಬೂದಿಯಾಯಿತು. ಉಳಿದದ್ದನ್ನೂ ತೆಗೆದುಬಿಡೋಣ ಎಂದವರಿದ್ದರೆಂದು ಆಕೆಯ ಅಪ್ಪ ಹೇಳುತ್ತಿದ್ದರಂತೆ. ಆದರೆ ಹಡಗಿನಲ್ಲಿ ಸಾಮಾನು ಬರುತ್ತಲೇ ಇತ್ತು, ಅದನ್ನು ಇಡಲು ಜಾಗ ಬೇಕಿತ್ತು, ಅದಕ್ಕೇ ಮತ್ತೆ ಕಟ್ಟಿದರು. ಹಳೆಯದೆಂದು ಪ್ರೀತಿಯಿಂದ ಉಳಿಸಿಕೊಂಡದ್ದು ಆಮೇಲೆ. ಮೊದಲು ಉಳಿದದ್ದು ತುಂಬಿದ್ದರಿಂದ. ಭಾವ ಕೇಳಿ ತಲೆದೂಗಿದರು. ಬೂಟು ಹಾಕಿಕೊಳ್ಳುವಾಗ ಅದರ ಲೇಸು ಕಟ್ಟಲು ನಾನು ಬಗ್ಗಿದರೆ, "ಬುಡಿ, ನಾನೇ ಕಟ್ಕೊಂತೀನಿ" ಎಂದರು. ಕಾಲು ನೋವಿನ ಸುಳ್ಳಿನ ಮಾತು ನಾನು ಎತ್ತಲಿಲ್ಲ. ಅವರೂ ಎತ್ತಲಿಲ್ಲ. ಅದು ನನ್ನೊಳಗೆ ಮುಳ್ಳಿನಂತೆ ಉಳಿಯಿತು.

ಊರಿಗೆ ಬಂದದ್ದು ಶುಕ್ರವಾರ. ಸೋಮವಾರ ಕಂಟ್ರಾಕ್ಟರು ಟೇಪು ಹಿಡಿದು ಬಂದ. ನಾನೂ ಹೋಗಿದ್ದೆ, ಬೇಡವೆಂದು ಹೇಳಲು ಮನಸ್ಸಿತ್ತು, ಯಾವ ಬಾಯಲ್ಲಿ ಹೇಳುವುದು? ಅಟ್ಟದ ಕಡೆ ನೋಡಿದರೆ, ದಬ್ಬೆಯ ಸಂದಿನಲ್ಲಿ ಬೆಳಕು ಕಾಣಲಿಲ್ಲ. ಶನಿವಾರ ಭಾನುವಾರ ಎರಡು ದಿನದಲ್ಲಿ ಭಾವ ಆಳು ಹಿಡಿದು ಮೇಲೆಲ್ಲ ಕಾಯಿ ತುಂಬಿಸಿಬಿಟ್ಟಿದ್ದರು.

"ಏನಪ್ಪಾ ಇದು?" ಎಂದ ಮಹೇಶ.

"ಕಾಯಿ ಆಕ್ಬುಟ್ಟಿದೀನಿ ಕಣಪ್ಪ. ಆಕಿದ್ಮೇಲೆ ಒಂದ್ವರ್ಷ ಮುಟ್ಟಂಗಿಲ್ಲ. ಮುಂದಿನ ವರ್ಷ ನೋಡಾನ ಬುಡು."

ಮುಂದಿನ ವರ್ಷ ಕಂಟ್ರಾಕ್ಟರು ಬರುವಷ್ಟರಲ್ಲಿ ಒಂದು ಕಡೆಯ ಕಾಯಿ ಇಳಿಸಿ ಇನ್ನೊಂದು ಕಡೆ ಹೊಸದು ಏರಿಸಿದ್ದರು. ಅದರ ಮುಂದಿನ ವರ್ಷವೂ ಹಾಗೇ. ಜಗಳವಿಲ್ಲ, ವಾದವಿಲ್ಲ. ನಾಲ್ಕು ವರ್ಷದಲ್ಲಿ ಆ ಅಟ್ಟ ಪೂರ್ತಿ ಖಾಲಿಯಾಗಲೇ ಇಲ್ಲ. ಮಹೇಶ ಸೋತು, ಹುಳ ಹಿಡಿದ ತೊಲೆ ಎರಡನ್ನು ಬದಲಾಯಿಸಿ ಕೊಟ್ಟ.

ನಿನ್ನೆ ಭಾನುವಾರ. ಅಟ್ಟದ ಕೆಲಸವೆಂದರೆ ಏನೋ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋದೆ. ಹೋಗಿ ನೋಡಿದರೆ ಭಾವ ಅಟ್ಟದ ಕೆಳಗಿನ ಕೊಟ್ಟಿಗೆಯಲ್ಲಿ ಮಂಚದ ಮೇಲೆ ಕಾಲು ನೀಡಿ ಕೂತಿದ್ದರು. ಮಂಡಿ ಕೈಕೊಟ್ಟಿದೆ, ಏಣಿ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ. ಮಹೇಶನಿಗೆ ಕಾಯಿಯ ದನಿ ಕೇಳುವ ತಾಳ್ಮೆ ಇಲ್ಲವಂತೆ. "ನೀವು ಹತ್ತಿ ಮೇಷ್ಟ್ರೇ. ಅಲ್ಲಾಡ್ಸಿ. ನಾನು ಇಲ್ಲಿಂದ್ಲೇ ಕೇಳ್ತೀನಿ" ಎಂದರು.

ಮೂವತ್ತೊಂಬತ್ತು ವರ್ಷದಿಂದ ಆ ಮನೆಯ ಅಳಿಯನಾಗಿದ್ದವನು ಮೆಟ್ಟು ಬಿಟ್ಟು, ಕಾಲು ತೊಳೆದು, ಮೊದಲ ಸಲ ಏಣಿ ಹತ್ತಿದೆ. ಮೇಲೆ ಅರೆಗತ್ತಲೆ, ಎತ್ತ ನೋಡಿದರೂ ಕಾಯಿ, ಸಾವಿರಾರು ಕಾಯಿ, ಒಂದೂ ಸದ್ದಿಲ್ಲದೆ ತಮ್ಮ ಪಾಡಿಗೆ ತಾವು ಒಳಗೊಳಗೇ ಮಾಗುತ್ತಿದ್ದವು. ಅಷ್ಟು ದೂರ ಹೋಗಿ ಬಾಯಿ ತೆರೆದು ನೋಡಿದ್ದೆನಲ್ಲ, ಇದನ್ನು ನೋಡಲು ಹದಿನೈದು ಮೆಟ್ಟಿಲು ಹತ್ತಿರಲಿಲ್ಲ. ದಬ್ಬೆಯ ಸಂದಿನಲ್ಲಿ ಕೆಳಗೆ ಭಾವನ ಬೆಳ್ಳಗಿನ ನೆತ್ತಿ ಕಾಣುತ್ತಿತ್ತು. ಒಂದು ಕಾಯಿ ಎತ್ತಿ ಅಲ್ಲಾಡಿಸಿದೆ. ಕುಳುಕುಳು ಎಂದಿತು.

"ನೀರೈತೆ. ಇಡಿ," ಎಂದಿತು ಕೆಳಗಿನ ದನಿ.

ಇನ್ನೊಂದು ಅಲ್ಲಾಡಿಸಿದೆ. ಎಷ್ಟು ಕಿವಿಗೊಟ್ಟರೂ ಏನೂ ಇಲ್ಲ. "ಸದ್ದೇ ಇಲ್ಲ ಭಾವ," ಎಂದೆ.

"ಸದ್ದಿಲ್ಲ ಅಂದ್ರೆ ನೀರು ಬತ್ತೈತೆ, ಚಿಪ್ಪು ಬುಟ್ಟಿಲ್ಲ. ಆಗ ಸುಮ್ಕಿರ್ಬೇಕು. ಇಡಿ."

ಕೈಯಲ್ಲಿದ್ದ ಕಾಯಿಯನ್ನು ಇಟ್ಟೆ. ಆ ಕತ್ತಲೆಯಲ್ಲಿ, ಮುಖ ಕಾಣದ ಧೈರ್ಯದಲ್ಲಿ, ಬಾಯಿ ತಾನಾಗೇ ತೆರೆಯಿತು.

"ಭಾವ, ಅವತ್ತು ಹ್ಯಾಂಬರ್ಗಲ್ಲಿ, ಸೇತುವೆ ಮೇಲೆ, ನೀವು ಹೇಳಿದ್ದನ್ನ ನಾನು ಆಯಮ್ಮನಿಗೆ ಹೇಳಲಿಲ್ಲ. ನಾಚಿಕೆಯಾಗಿ, ನಿಮಗೆ ಕಾಲು ನೋವು ಅಂದುಬಿಟ್ಟೆ."

ಕೆಳಗೆ ಒಂದು ಹಸು ಮೇವು ಎಳೆದ ಸದ್ದು ಕೇಳಿಸಿತು. ಅಷ್ಟೇ.

"ಅವತ್ತೇ ಗೊತ್ತಾಯ್ತು ಬುಡಿ," ಎಂದರು ಭಾವ. "ನಾನು ಅಷ್ಟುದ್ದ ಹೇಳಿದ್ದು, ನೀವು ಇಷ್ಟೇ ಇಷ್ಟು ಅಂದ್ರಿ."

"ಮತ್ತೆ ನೀವು ಒಂದು ದಿನವೂ ಕೇಳಲಿಲ್ಲ?"

"ನೀವೇ ಹೇಳ್ತೀರಾ ಅಂತ ಸುಮ್ಕಿದ್ದೆ. ನಾಕ್ ವರ್ಷ ಆಯ್ತು." ಮಂಚ ಕಿರುಗುಟ್ಟಿತು, ಅವರು ಕಾಲು ಸರಿಮಾಡಿಕೊಂಡಿರಬೇಕು. "ಊಂ, ಇನ್ನೊಂದು ಅಲ್ಲಾಡ್ಸಿ."

ಕಣ್ಣು ಒರೆಸಿಕೊಂಡು ಕೈಗೆ ಸಿಕ್ಕಿದ್ದನ್ನು ಎತ್ತಿ ಅಲ್ಲಾಡಿಸಿದೆ. ಗಡಗಡ ಎಂದು ಒಳಗೆ ಉರುಳಿತು.

"ಕೇಳಿಸ್ತಾ ಭಾವ?"

"ನಂಗೆ ಕೇಳುಸ್ತು. ನಿಮಗೆ ಕೇಳುಸ್ತಾ?"

ಕೇಳಿಸಿತು ಎಂದೆ.